ಮನೆಮಂದಿಯೆಲ್ಲ ಕೂತು ನೋಡಬಹುದೇ?

'ಮನೆಮಂದಿಯೆಲ್ಲ ಕೂತು ನೋಡಬಹುದಾದ ಚಿತ್ರ' ಎಂಬ ಮಾತನ್ನು ಸಿನಿಮಾ ಜಾಹೀರಾತುಗಳಲ್ಲಿ ನಾವೆಲ್ಲ ಓದಿದವರೇ. ಹಾಗೆಂದರೆ ನಿಜಕ್ಕೂ ಏನು ಎಂಬ ಪ್ರಶ್ನೆ ಅರ್ಧ ಶತಮಾನದ ಹಿಂದೆ ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಗಿತ್ತು. ಆ ಜಗಳದ ನಡುವೆ ಸಿಕ್ಕಿಕೊಂಡದ್ದು ಹೆಸರಿನಲ್ಲೇ ಕುಟುಂಬವನ್ನು ಹೊತ್ತಿದ್ದ ಒಂದು ಹಾಸ್ಯ ಧಾರಾವಾಹಿ, 'ಆಲ್ ಇನ್ ದ ಫ್ಯಾಮಿಲಿ'.

ಸಿಬಿಎಸ್ ವಾಹಿನಿಯಲ್ಲಿ ಅದು ಶುರುವಾದದ್ದು 1971ರ ಜನವರಿ 12ರಂದು. ಬ್ರಿಟನ್ನಿನ ಬಿಬಿಸಿ ಧಾರಾವಾಹಿಯೊಂದನ್ನು ಆಧರಿಸಿ ನಾರ್ಮನ್ ಲಿಯರ್ ಅದನ್ನು ರೂಪಿಸಿದ್ದರು. ಕಥೆ ನಡೆಯುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಮನೆಯ ಯಜಮಾನ ಆರ್ಚಿ ಬಂಕರ್ ತನ್ನ ಕುರ್ಚಿಯಲ್ಲಿ ಕೂತು ಕಪ್ಪು ಜನರನ್ನು, ಯಹೂದಿಗಳನ್ನು, ಪೋಲೆಂಡ್ ಮೂಲದ ಸ್ವಂತ ಅಳಿಯನನ್ನು ಬಾಯಿಗೆ ಬಂದಂತೆ ಹೀಯಾಳಿಸುತ್ತಾನೆ. ಅಳಿಯ ವಾದಕ್ಕಿಳಿಯುತ್ತಾನೆ, ಮಗಳು ಗಂಡನ ಪರ ನಿಲ್ಲುತ್ತಾಳೆ. ಹೆಂಡತಿ ಈಡಿತ್ ಮುಗ್ಧವಾಗಿ ಆಡುವ ಒಂದು ಮಾತಿಗೆ ಆರ್ಚಿಯ ದೊಡ್ಡಸ್ತಿಕೆಯೆಲ್ಲ ಕುಸಿಯುತ್ತದೆ. ಮೊದಲ ಕಂತಿಗೆ ವಾಹಿನಿ ಒಂದು ಎಚ್ಚರಿಕೆಯ ಟಿಪ್ಪಣಿಯನ್ನೇ ಹಾಕಿತ್ತು: ನಮ್ಮ ಪೂರ್ವಗ್ರಹಗಳನ್ನು ನಗೆಯ ಬೆಳಕಿನಲ್ಲಿ ತೋರಿಸುವುದು ಉದ್ದೇಶ ಎಂಬರ್ಥದ್ದು.

ಆಕ್ಷೇಪ ಬಂದದ್ದು ಸಂಪ್ರದಾಯವಾದಿಗಳಿಂದ ಮಾತ್ರವಲ್ಲ. ಯಹೂದಿ ದ್ವೇಷದ ಬಗ್ಗೆ 'ಜಂಟಲ್‌ಮನ್ಸ್ ಅಗ್ರಿಮೆಂಟ್' ಕಾದಂಬರಿ ಬರೆದಿದ್ದ ಲಾರಾ ಹಾಬ್ಸನ್ 1971ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಕಟುವಾಗಿ ಬರೆದರು. ಜನಾಂಗದ್ವೇಷಿಯನ್ನು ಮುದ್ದಾಗಿ ತೋರಿಸುವುದು ಮೋಸ ಎಂಬುದು ಅವರ ವಾದದ ತಿರುಳು. ಲಿಯರ್ ಅದೇ ಪತ್ರಿಕೆಯಲ್ಲಿ ಉತ್ತರಿಸಿದರು. ಪೂರ್ವಗ್ರಹ ಇರುವವರೆಲ್ಲ ರಾಕ್ಷಸರಲ್ಲ, ನಾವು ಪ್ರೀತಿಸುವವರಲ್ಲೂ ಅದು ಇರುತ್ತದೆ ಎಂಬುದು ಅವರ ನಿಲುವು. ಆರ್ಚಿಯಲ್ಲಿ ತಮ್ಮ ತಂದೆಯ ಛಾಯೆ ಇದೆಯೆಂದು ಅವರು ಹೇಳಿಕೊಂಡಿದ್ದರು.

ಇಬ್ಬರ ಮಾತಿನಲ್ಲೂ ಹುರುಳಿತ್ತು. 1974ರಲ್ಲಿ ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಅಮೆರಿಕ ಮತ್ತು ಕೆನಡಾದ ಪ್ರೇಕ್ಷಕರನ್ನು ಕೇಳಿ ನೋಡಿದರು. ಪೂರ್ವಗ್ರಹ ಹೆಚ್ಚಿದ್ದವರೂ ಕಡಿಮೆಯಿದ್ದವರೂ ಧಾರಾವಾಹಿಗೆ ನಗುತ್ತಿದ್ದರು. ಆದರೆ ಪೂರ್ವಗ್ರಹ ಹೆಚ್ಚಿದ್ದವರಿಗೆ ಆರ್ಚಿಯೇ ಮೆಚ್ಚುಗೆ, ವಾದದಲ್ಲಿ ಗೆಲ್ಲುವವನೂ ಅವನೇ. ಒಂದೇ ದೃಶ್ಯ ಒಬ್ಬರಿಗೆ ವಿಡಂಬನೆ, ಇನ್ನೊಬ್ಬರಿಗೆ ಸಮರ್ಥನೆ.

ಇಷ್ಟೆಲ್ಲ ಚರ್ಚೆಯ ನಡುವೆ ಅಧಿಕೃತ ತೀರ್ಮಾನ ಮಾತ್ರ ಗಡಿಯಾರ ನೋಡಿ ಆಯಿತು. ಟೀವಿಯಲ್ಲಿ ಹಿಂಸೆ, ಲೈಂಗಿಕತೆ ಹೆಚ್ಚಿತೆಂದು ಸಂಸತ್ತಿನ ಒತ್ತಡವಿತ್ತು. ಪ್ರಸಾರ ನಿಯಂತ್ರಣ ಆಯೋಗದ ಅಧ್ಯಕ್ಷ ರಿಚರ್ಡ್ ವೈಲಿ ವಾಹಿನಿಗಳೊಡನೆ ಮಾತಾಡಿದರು. 1975ರ ಸೆಪ್ಟೆಂಬರಿನಿಂದ ರಾತ್ರಿ 9ರವರೆಗಿನ ಹೊತ್ತು 'ಕೌಟುಂಬಿಕ ವೀಕ್ಷಣೆ'ಗೆ ಮೀಸಲಾಯಿತು. ದೇಶದಲ್ಲೇ ಅತಿ ಹೆಚ್ಚು ಜನ ನೋಡುತ್ತಿದ್ದ ಆರ್ಚಿಯ ಮನೆ ಶನಿವಾರ ರಾತ್ರಿ 8ರಿಂದ ಸೋಮವಾರ ರಾತ್ರಿ 9ಕ್ಕೆ ಎತ್ತಂಗಡಿಯಾಯಿತು. ತಮಾಷೆಯೆಂದರೆ, ಷಿಕಾಗೋದಂಥ ಊರುಗಳ ಗಡಿಯಾರ ನ್ಯೂಯಾರ್ಕಿಗಿಂತ ಒಂದು ಗಂಟೆ ಹಿಂದೆ. ಅಲ್ಲಿ ಅದೇ ಕಾರ್ಯಕ್ರಮ 8ಕ್ಕೇ ಬರುತ್ತಿತ್ತು. ನ್ಯೂಯಾರ್ಕಿನ ಮಕ್ಕಳಿಗೆ 8 ಗಂಟೆಗೆ ಸಲ್ಲದ್ದು ಷಿಕಾಗೋದ ಮಕ್ಕಳಿಗೆ ಸಲ್ಲುತ್ತಿತ್ತು!

ಲಿಯರ್ ಮತ್ತು ಬರಹಗಾರರ ಸಂಘ ದಾವೆ ಹೂಡಿದರು. 1976ರ ನವೆಂಬರಿನಲ್ಲಿ ನ್ಯಾಯಾಧೀಶ ವಾರನ್ ಫರ್ಗುಸನ್, ಆಯೋಗದ ಒತ್ತಡ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ತೀರ್ಪಿತ್ತರು. 1979ರಲ್ಲಿ ಮೇಲಿನ ನ್ಯಾಯಾಲಯ ಅಧಿಕಾರವ್ಯಾಪ್ತಿಯ ಕಾರಣ ನೀಡಿ ಅದನ್ನು ಬದಿಗಿರಿಸಿತು. ಅಷ್ಟರಲ್ಲಿ, 1978ರಲ್ಲೇ, ಆರ್ಚಿಯ ಕುರ್ಚಿ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಸೇರಿಯಾಗಿತ್ತು.

ಈ ಇತಿಹಾಸ ಓದಿದಾಗ ನನಗೆ ಹೊಳೆಯುವುದು ಇಷ್ಟು. ಹೀಯಾಳಿಕೆಯ ಮಾತನ್ನು ಮಗು ಟೀವಿಯಲ್ಲಿ ಮೊದಲ ಸಲ ಕೇಳಿಸಿಕೊಳ್ಳುವುದು ಅಪರೂಪ. ಬಹುಪಾಲು ಅದನ್ನು ಮನೆಯಲ್ಲೋ ಬೀದಿಯಲ್ಲೋ ಆಗಲೇ ಕೇಳಿರುತ್ತದೆ. ಟೀವಿಯಲ್ಲಿ ಆ ಮಾತು ಬಂದಾಗ ಮಗು ಪಕ್ಕದಲ್ಲಿರುವ ದೊಡ್ಡವರ ಮುಖ ನೋಡುತ್ತದೆ, ಅವರು ಯಾರನ್ನು ನೋಡಿ ನಕ್ಕರೆಂದು ಗಮನಿಸುತ್ತದೆ. ವಿಡ್ಮರ್ ಮತ್ತು ರೋಕೀಚ್ ಕಂಡದ್ದು ನಿಜವಾದರೆ, ಆರ್ಚಿಯನ್ನು ಮೆಚ್ಚಿ ನಗುವವರ ಮನೆಯಲ್ಲಿ ಆ ಧಾರಾವಾಹಿ ಯಾವ ಹೊತ್ತಿಗೂ ಸಲ್ಲದು. ಆರ್ಚಿ ಹೇಳಿದ್ದು ಯಾಕೆ ತಪ್ಪೆಂದು ಮಗುವಿಗೆ ವಿವರಿಸುವ ಒಬ್ಬರಿರುವ ಮನೆಯಲ್ಲಿ ಸಂಜೆ 7ಕ್ಕೆ ಹಾಕಿದರೂ ತೊಂದರೆಯಿಲ್ಲ.