ಬಟ್ಟೆ ಜಾರಿದ್ದು ಯಾರ ಚರಿತ್ರೆ?

ಉರ್ದುವಿನಲ್ಲಿ ‘ಪರ್ದಾಪೋಶಿ’ ಎಂಬ ಮಾತಿದೆ. ಇನ್ನೊಬ್ಬರ ಕುಂದು ಕಣ್ಣಿಗೆ ಬಿದ್ದರೆ ಅದರ ಮೇಲೆ ತೆರೆ ಎಳೆಯುವುದು ಎಂದರ್ಥ. ಕನ್ನಡದಲ್ಲಿ ಬಟ್ಟೆಯ ಕೆಲಸವನ್ನೇ ನಾವು ‘ಮಾನ ಮುಚ್ಚುವುದು’ ಎನ್ನುತ್ತೇವೆ. ಈ ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನನಗೆ, ನಾಲ್ಕು ಜನರೆದುರು ಒಬ್ಬರ ಬಟ್ಟೆ ಜಾರಿದ ಸಂಗತಿಯನ್ನು ವಿಶ್ವಕೋಶದಲ್ಲಿ ಬರೆಯಬೇಕೇ ಎಂಬ ಪ್ರಶ್ನೆ ಎದುರಾದಾಗ ಮೊದಲು ‘ಬೇಡ’ ಎಂದೇ ಅನಿಸಿತ್ತು. ಆದರೆ ಒಂದು ಘಟನೆಯ ಚರಿತ್ರೆ ಓದುತ್ತಾ ಹೋದಂತೆ ಉತ್ತರ ಅಷ್ಟು ಸುಲಭವಲ್ಲ ಎನಿಸಿತು.

2004ರ ಫೆಬ್ರವರಿ 1ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಸೂಪರ್ ಬೌಲ್ ಪಂದ್ಯ ನಡೆಯಿತು. ಅದು ಅಲ್ಲಿನವರಿಗೆ ಹಬ್ಬವಿದ್ದಂತೆ. ವಿರಾಮದ ವೇಳೆ ಗಾಯಕಿ ಜಾನೆಟ್ ಜಾಕ್ಸನ್ ಜೊತೆ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಹಾಡಿದ. ಹಾಡಿನ ಕೊನೆಗೆ ಆತ ಆಕೆಯ ಉಡುಪಿನ ತುಂಡೊಂದನ್ನು ಕಿತ್ತ. ಹೊರಪದರವಷ್ಟೇ ಬರಬೇಕಿತ್ತು, ಒಳಗಿನ ಬಟ್ಟೆಯೂ ಬಂತು ಎಂಬುದು ಆಮೇಲಿನ ವಿವರಣೆ. ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಆಕೆಯ ಎದೆ ಕೋಟ್ಯಂತರ ಜನರ ಟಿ.ವಿ.ಯಲ್ಲಿ ಕಂಡಿತು.

ಕ್ಷಮೆ ಕೇಳುತ್ತಾ ಟಿಂಬರ್‌ಲೇಕ್ ಬಳಸಿದ ಪದ ‘ವಾರ್ಡ್‌ರೋಬ್ ಮಾಲ್‌ಫಂಕ್ಷನ್’. ಅಂದರೆ, ಉಡುಪು ಕೈಕೊಟ್ಟಿತು! ಕಿತ್ತ ಕೈ ಆ ಪದದಲ್ಲಿ ಕಾಣುವುದೇ ಇಲ್ಲ. ಒಂದು ವಾರದ ನಂತರದ ಗ್ರ್ಯಾಮಿ ಸಮಾರಂಭದಲ್ಲಿ ಆತ ಪ್ರಶಸ್ತಿ ಪಡೆದ, ಆಕೆ ಅಲ್ಲಿರಲಿಲ್ಲ. 2018ರಲ್ಲಿ ಅದೇ ಸೂಪರ್ ಬೌಲ್ ವೇದಿಕೆ ಆತನಿಗೆ ಮತ್ತೆ ಸಿಕ್ಕಿತು. ಆಕೆಯ ಹೆಸರೆತ್ತಿ, ತಾನು ತಪ್ಪಿದೆನೆಂದು ಆತ ಬಹಿರಂಗವಾಗಿ ಬರೆದದ್ದು 2021ರಲ್ಲಿ.

ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗ ಸಿಬಿಎಸ್ ವಾಹಿನಿಗೆ 5,50,000 ಡಾಲರ್ ದಂಡ ಹಾಕಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ವಿಚಾರಿಸಲು ಒಪ್ಪಲಿಲ್ಲ. ಈ ನಡುವೆ, 2006ರಲ್ಲಿ, ಅಸಭ್ಯ ಪ್ರಸಾರದ ಗರಿಷ್ಠ ದಂಡವನ್ನು ಹತ್ತು ಪಟ್ಟು ಏರಿಸುವ ಕಾನೂನು ಬಂತು. ಈ ದೃಶ್ಯ ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗದೆ ಹೋದದ್ದೂ ಯೂಟ್ಯೂಬ್ ಕಲ್ಪನೆಗೆ ಒಂದು ಪ್ರೇರಣೆಯಾಯಿತು ಎಂದು ಅದರ ಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಮ್ ಹೇಳಿದ್ದಾರೆ.

ಇಷ್ಟೆಲ್ಲ ಆದ ಮೇಲೆ ವಿಶ್ವಕೋಶ ಸುಮ್ಮನಿರಬಹುದೇ? ಸುಮ್ಮನಿದ್ದರೆ ಮುಚ್ಚಿಹೋಗುವುದು ಆಕೆಯ ಅವಮಾನವಲ್ಲ, ಆಕೆಗಾದ ಅನ್ಯಾಯ.

ಆದರೆ ಎಲ್ಲ ಘಟನೆಗೂ ಇದೇ ಅಳತೆಯಲ್ಲ. 2006ರಲ್ಲಿ ಮುಂಬೈಯ ಫ್ಯಾಷನ್ ಪ್ರದರ್ಶನವೊಂದರಲ್ಲಿ ರೂಪದರ್ಶಿಯೊಬ್ಬರ ಮೇಲುಡುಪು ಜಾರಿತು. ಮಹಾರಾಷ್ಟ್ರ ಸರಕಾರ ಪೊಲೀಸ್ ತನಿಖೆಗೆ ಆದೇಶಿಸಿತು! ಜಾರಿದ ಬಟ್ಟೆಯ ಬೆನ್ನಿಗೆ ಸರಕಾರವೊಂದು ಪೊಲೀಸರನ್ನು ಕಳಿಸಿತೆಂಬುದು ಚರಿತ್ರೆಗೆ ಬೇಕಾದ ಸಂಗತಿ. ಆ ಹೆಣ್ಣುಮಗಳ ಹೆಸರು ಬೇಕೇ? ನಾನಿಲ್ಲಿ ಬರೆದಿಲ್ಲ. ಓದುಗರಿಗೆ ಏನಾದರೂ ಕಡಿಮೆಯಾಯಿತೇ?

ಯಾರದು ಎಲ್ಲಿ ಹರಿಯಿತು, ಎಲ್ಲಿ ಜಾರಿತು ಎಂದು ಪಟ್ಟಿ ಮಾಡುವುದು ಜ್ಞಾನವಲ್ಲ. ಜಗಲಿಕಟ್ಟೆಯ ಹರಟೆಗೆ ರಟ್ಟು ಹಾಕಿಸಿದಂತೆ. ವಿಶ್ವಕೋಶ ಬರೆಯಬೇಕಾದದ್ದು ಬಟ್ಟೆ ಜಾರಿದ ಮೇಲೆ ನೋಡಿದವರು ಏನು ಮಾಡಿದರು ಎಂಬುದನ್ನು.

ಪರ್ದಾಪೋಶಿ ಎಂದರೆ ಬಿದ್ದವರ ಮೇಲೆ ಚಾದರ ಹೊದಿಸುವುದು. ಬೀಳಿಸಿದವರ ಮೇಲಲ್ಲ.