ಬರೋಡಾದ ಮೂರು ಸಂದರ್ಶನಗಳು

ಅನುಭವವಿಲ್ಲದವರಿಗೆ ಕೆಲಸ ಸಿಗುವುದಿಲ್ಲ, ಕೆಲಸ ಸಿಗದೆ ಅನುಭವ ಬರುವುದಿಲ್ಲ. ಮೊದಲ ಸಂದರ್ಶನಕ್ಕೆ ಹೊರಟವರೆಲ್ಲ ಸಿಕ್ಕಿಬೀಳುವ ಈ ಇಕ್ಕಟ್ಟು ಇಂದು ನಿನ್ನೆಯದಲ್ಲ. ಗುಜರಾತಿನ ವಡೋದರಾ, ಅಂದರೆ ಅಂದಿನ ಬರೋಡಾ ಸಂಸ್ಥಾನದ ಚರಿತ್ರೆಯಲ್ಲಿ ಅಂಥ ಮೂವರು ಸಿಗುತ್ತಾರೆ.

ಮೊದಲನೆಯವನು ಹನ್ನೆರಡು ವರ್ಷದ ಹುಡುಗ. 1875ರಲ್ಲಿ ಬ್ರಿಟಿಷರು ಮಲ್ಹಾರರಾವ್ ಗಾಯಕವಾಡನನ್ನು ಪದಚ್ಯುತಗೊಳಿಸಿದಾಗ, ಹಿಂದಿನ ಮಹಾರಾಜರ ವಿಧವೆ ಜಮನಾಬಾಯಿಗೆ ದತ್ತು ಮಗ ಬೇಕಾಯಿತು. ನಾಸಿಕದ ಕಡೆಯ ಕವಳಾಣೆ ಗ್ರಾಮದಿಂದ ಮನೆತನದ ದೂರದ ಸಂಬಂಧಿಗಳಾದ ಹುಡುಗರನ್ನು ಕರೆಸಿದರು. ಯಾಕೆ ಬಂದಿದ್ದೀರಿ ಎಂದು ಕೇಳಿದಾಗ ಗೋಪಾಳರಾವ್ ಎಂಬಾತ, ಆಳುವುದಕ್ಕೆ ಬಂದಿದ್ದೇನೆ ಎಂದನೆಂದು ಕಥೆಯಿದೆ. ಕಥೆ ನಿಜವೋ ಅಲ್ಲವೋ, ಆಯ್ಕೆಯಾದದ್ದು ಅವನೇ. ಓದು ಬರಹ ಶುರುವಾದದ್ದು ಆಯ್ಕೆಯ ನಂತರ. ಅವನೇ ಮೂರನೇ ಸಯಾಜಿರಾವ್ ಗಾಯಕವಾಡ.

ಹದಿನೇಳು ವರ್ಷಗಳ ಬಳಿಕ, ಲಂಡನ್ನಿನಲ್ಲಿ, ಅದೇ ಸಯಾಜಿರಾವ್ ಮೇಜಿನ ಇನ್ನೊಂದು ಬದಿಯಲ್ಲಿದ್ದರು. ಎದುರಿಗೆ ಬಂದವರು ಇಪ್ಪತ್ತು ವರ್ಷದ ಅರವಿಂದ ಘೋಷ್. 1890ರ ಐಸಿಎಸ್ ಪರೀಕ್ಷೆಯಲ್ಲಿ 11ನೇ ಸ್ಥಾನ ಪಡೆದಿದ್ದರೂ, ಕುದುರೆ ಸವಾರಿಯ ಪರೀಕ್ಷೆಗೆ ಹಾಜರಾಗದೆ 1892ರಲ್ಲಿ ಅನರ್ಹರಾಗಿದ್ದರು. ಗ್ರೀಕ್, ಲ್ಯಾಟಿನ್ ಬಲ್ಲರು. ಆಡಳಿತದ ಅನುಭವ ಸೊನ್ನೆ. ಜೇಮ್ಸ್ ಕಾಟನ್ ಎಂಬ ಹಿತೈಷಿ ಅವರ ಪರವಾಗಿ ಮಾತಾಡಿ ತಿಂಗಳಿಗೆ 200 ರೂಪಾಯಿಗೆ ಒಪ್ಪಂದ ಮಾಡಿಸಿದರು. ಆ ಮೊತ್ತ ಒಳ್ಳೆಯದೆಂದೇ ಅರವಿಂದರ ಕಡೆಯವರು ನಂಬಿದ್ದರು. ಮಹಾರಾಜರಿಗೋ ಐಸಿಎಸ್ ದರ್ಜೆಯವನೊಬ್ಬ ಇಷ್ಟು ಕಡಿಮೆಗೆ ಸಿಕ್ಕಿದನೆಂಬ ಹಿಗ್ಗು. ಲೋಕಜ್ಞಾನ ಓದಿನಿಂದ ಬರುವಂಥದ್ದಲ್ಲ. ತನ್ನ ದುಡಿಮೆಗೆ ಬೆಲೆ ಎಷ್ಟೆಂದು ತಿಳಿಯುವುದೂ ಒಂದು ತಯಾರಿ. 1893ರ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿದ ಅರವಿಂದರು ಭೂಕಂದಾಯ ವ್ಯವಸ್ಥೆಯ ಇಲಾಖೆಯಿಂದ ಆರಂಭಿಸಿ, ಬರೋಡಾ ಕಾಲೇಜಿನಲ್ಲಿ ಫ್ರೆಂಚ್, ಇಂಗ್ಲಿಷ್ ಕಲಿಸಿ, ಉಪಪ್ರಾಂಶುಪಾಲರೂ ಆದರು. ಸಂಸ್ಕೃತ ಮತ್ತು ಬಂಗಾಳಿಯನ್ನು ಗಂಭೀರವಾಗಿ ಕಲಿತದ್ದೂ ಇಲ್ಲಿಯೇ. ಅನುಭವವಿಲ್ಲದವನಿಗೆ ಬೇಕಿದ್ದುದು ಕಲಿಯುವಷ್ಟು ಸಮಯ. ಅದು ಸಿಕ್ಕಿತು.

ಮೂರನೆಯವರು ಭೀಮರಾವ್ ಅಂಬೇಡ್ಕರ್. ಬಿ.ಎ. ಮುಗಿಸಿ 1913ರ ಜನವರಿಯಲ್ಲಿ ಬರೋಡಾ ಸೇವೆಗೆ ಸೇರಿದ ಕೆಲವೇ ದಿನಗಳಲ್ಲಿ ತಂದೆಯ ಕಾಯಿಲೆಯ ಸುದ್ದಿ ಬಂದು ಮುಂಬಯಿಗೆ ಮರಳಿದರು. ತಂದೆ ತೀರಿಕೊಂಡರು. ಬಳಿಕ ಸಯಾಜಿರಾವ್ ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಲು ವಿದ್ಯಾರ್ಥಿವೇತನ ಕೊಟ್ಟರು. ಷರತ್ತು: ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ.

1917ರಲ್ಲಿ ಬರೋಡಾಕ್ಕೆ ಬಂದಾಗ ಅಂಬೇಡ್ಕರರ ಬಳಿ ನ್ಯೂಯಾರ್ಕ್, ಲಂಡನ್ನುಗಳ ಓದಿತ್ತು, ಮಿಲಿಟರಿ ಕಾರ್ಯದರ್ಶಿಯ ಹುದ್ದೆಯಿತ್ತು. ಇರಲು ಒಂದು ಕೋಣೆ ಇರಲಿಲ್ಲ. ಹಿಂದೂ ವಸತಿಗೃಹಗಳು ಅಸ್ಪೃಶ್ಯನಿಗೆ ತೆರೆಯುವಂತಿರಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹವೊಂದರಲ್ಲಿ ಉಳಿದರು. ಸರ್ಕಾರಿ ಬಂಗಲೆಗೆ ಹಾಕಿದ ಅರ್ಜಿ ಒಬ್ಬ ಅಧಿಕಾರಿಯಿಂದ ಇನ್ನೊಬ್ಬರಿಗೆ ಸಾಗುತ್ತಲೇ ಇತ್ತು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಜಾಗ ಖಾಲಿ ಮಾಡಿಸಿತು. ಆಸರೆ ಕೇಳಿದ ಪರಿಚಿತರಿಬ್ಬರೂ, ಒಬ್ಬ ಹಿಂದೂ, ಇನ್ನೊಬ್ಬ ಕ್ರೈಸ್ತ, ಬೇರೆ ಬೇರೆ ನೆವ ಹೇಳಿ ಜಾರಿಕೊಂಡರು. ಕಮಾಟಿ ಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಅವರು ಮುಂಬಯಿಗೆ ಹೊರಟರು.

ಈ ಮೂವರಲ್ಲಿ ಹೆಚ್ಚು ತಯಾರಾಗಿದ್ದವರು ಕೊನೆಯವರು. ಓದು ಬಾರದ ಹುಡುಗನಿಗೆ ಅರಮನೆ ಶಿಕ್ಷಕರನ್ನು ಕೊಟ್ಟಿತು. ಅನರ್ಹನೆನಿಸಿಕೊಂಡ ಯುವಕನಿಗೆ ಸಂಸ್ಥಾನ ಹದಿಮೂರು ವರ್ಷ ಕೊಟ್ಟಿತು. ತರಬೇತಿಗೆ ಸಂಸ್ಥಾನವೇ ಹಣ ಹಾಕಿದ ವಿದ್ವಾಂಸನಿಗೆ ಊರು ಎರಡು ವಾರವನ್ನೂ ಕೊಡಲಿಲ್ಲ. ಆರಿಸುವವನಿಗೆ ಒಳ್ಳೆಯ ಕಣ್ಣಿದ್ದರೂ ಸಾಲದು. ಆರಿಸಿದವನು ಮರುದಿನ ಎಲ್ಲಿ ಉಳಿಯುತ್ತಾನೆ, ಯಾರ ಜೊತೆ ಕೂರುತ್ತಾನೆ ಎಂಬುದು ನೇಮಕಾತಿಯ ಇನ್ನರ್ಧ.

ಸಂದರ್ಶನಕ್ಕೆ ಹೊರಟ ಹೊಸಬರಿಗೆ ಏನು ಓದಬೇಕು, ಹೇಗೆ ಮಾತಾಡಬೇಕು ಎಂದು ಹೇಳಿಕೊಡುವವರು ಇಂದು ಬೇಕಾದಷ್ಟಿದ್ದಾರೆ. ಹೊಸಬರನ್ನು ಬರಮಾಡಿಕೊಳ್ಳುವ ಕಚೇರಿಯ, ಬಾಡಿಗೆ ಕೊಡುವ ಊರಿನ ತಯಾರಿಯನ್ನು ಪರೀಕ್ಷಿಸುವವರು ಕಡಿಮೆ. ವಡೋದರಾ ಆ ದಿನವನ್ನು ಮರೆತಿಲ್ಲ. ಅದರ ನೆನಪಿನ ತಾಣಕ್ಕೆ ಸಂಕಲ್ಪ ಭೂಮಿ ಎಂಬ ಹೆಸರಿಟ್ಟಿದೆ. ಹೊಸ ಊರಿನಲ್ಲಿ ಬಾಡಿಗೆ ಮನೆ ಕೇಳಿ, ಮೊದಲು ಜಾತಿಯ ಪ್ರಶ್ನೆಗೆ ಉತ್ತರಿಸಬೇಕಾಗಿ ಬಂದವರಿಗೆ ಆ ಸಂಕಲ್ಪದ ಅರ್ಥವನ್ನು ಯಾರೂ ವಿವರಿಸಬೇಕಿಲ್ಲ.