ಕ್ಷೇತ್ರವಾರು ದತ್ತಾಂಶ ಸೇವೆ (ಬ್ರಿಟನ್)

ಸಂಸದರಿಗೆ ಅವರವರ ಮತಕ್ಷೇತ್ರದ ಜನಸಂಖ್ಯೆ, ಮನೆ ಬೆಲೆ, ನಿರುದ್ಯೋಗ ಮೊದಲಾದ ಅಂಕಿಅಂಶಗಳನ್ನು ಹೌಸ್ ಆಫ್ ಕಾಮನ್ಸ್‌ನ ಗ್ರಂಥಾಲಯ ಒದಗಿಸುವ ಸೇವೆ. 1818ರಲ್ಲಿ ಸ್ಥಾಪನೆಯಾದ ಈ ಗ್ರಂಥಾಲಯ ಪಕ್ಷಾತೀತ. ನಿರುದ್ಯೋಗ ಭತ್ಯೆ ಪಡೆಯುವವರ ಕ್ಷೇತ್ರವಾರು ಲೆಕ್ಕವನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಅದನ್ನು ಮತದಾರರೂ ನೋಡಬಹುದು.

ದೊಡ್ಡ ತೊಡಕು ಗಡಿಯದು. 650 ಕ್ಷೇತ್ರಗಳ ಎಲ್ಲೆ ಸ್ಥಳೀಯ ಆಡಳಿತದ ಎಲ್ಲೆಯೊಂದಿಗೆ ಎಲ್ಲೆಡೆ ಹೊಂದುವುದಿಲ್ಲ. ಹಾಗಾಗಿ ಎಷ್ಟೋ ವಿಷಯಗಳಲ್ಲಿ ಚಿಕ್ಕ ಗಣತಿ ಪ್ರದೇಶಗಳ ಸಂಖ್ಯೆಗಳನ್ನು ಕೂಡಿಸಿ ಕ್ಷೇತ್ರದ ಅಂದಾಜು ಕಟ್ಟಬೇಕು. 2024ರ ಚುನಾವಣೆಗೆ ಬಹುತೇಕ ಗಡಿಗಳು ಬದಲಾದ್ದರಿಂದ ಹಳೆಯ ಅಂಕಿಗಳನ್ನು ಹೊಸವುಗಳ ಪಕ್ಕ ನೇರವಾಗಿ ಇಟ್ಟು ನೋಡುವಂತಿಲ್ಲ.

ಸೇವೆಯ ಅತ್ಯಂತ ಜಾಣ ಕೆಲಸ ಅಂಕಿಯದ್ದಲ್ಲ, ಹೆಸರಿನದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಏಳು ಸಾವಿರಕ್ಕೂ ಹೆಚ್ಚು ಮಧ್ಯಮ ಗಾತ್ರದ ಗಣತಿ ಪ್ರದೇಶಗಳಿಗೆ ಊರವರು ಗುರುತಿಸಬಹುದಾದ ಹೆಸರೇ ಇರಲಿಲ್ಲ, ಇದ್ದದ್ದು ಬರೀ ಸಂಕೇತ. ಗ್ರಂಥಾಲಯ ಅವುಗಳಿಗೆ ಬಡಾವಣೆ, ಹಳ್ಳಿಗಳ ಹೆಸರಿಟ್ಟಿತು. 2020ರಲ್ಲಿ ಸರ್ಕಾರದ ಕೋವಿಡ್ ನಕ್ಷೆಯೂ ಅವನ್ನೇ ಬಳಸಿತು.

ಮಾದರಿ ಸಮೀಕ್ಷೆ ಆಧರಿಸಿದ ಅಂಕಿಗಳು ಮಾತ್ರ ಒಂದೊಂದು ಕ್ಷೇತ್ರದ ಮಟ್ಟಕ್ಕಿಳಿದಾಗ ದುರ್ಬಲ. ಅವುಗಳ ಸಣ್ಣ ಏರಿಳಿತವನ್ನು ಸಾಧನೆಯೆಂದೋ ವೈಫಲ್ಯವೆಂದೋ ಓದಲಾಗದು.